ಅಲೆಕ್ಸಾಂಡರ್ ಫ್ಲೆಮಿಂಗ್: ಬೂಷ್ಟಿನ ಕಥೆಯ ಮುಂದಿನ ಭಾಗ

ಪೆನಿಸಿಲಿನ್ ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಅಲೆಕ್ಸಾಂಡರ್ ಫ್ಲೆಮಿಂಗ್ ಎಂದು ಹೇಳುತ್ತಾರೆ. ಪರೀಕ್ಷೆಯಲ್ಲಿ ಅದು ಒಂದು ಅಂಕದ ಪ್ರಶ್ನೆ. ಅವರ ಜೀವನದ ಬಗ್ಗೆ ನಾನು ವಿವರವಾಗಿ ಓದಿದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಆ ಒಂದು ಅಂಕದ ಆಚೆ ಹೊನ್ನೆಮರಡಿನ ಸುತ್ತಮುತ್ತಲ ನಮಗೂ ಬೇಕಾದ ಸಂಗತಿಯಿದೆ ಎನ್ನಿಸಿ, ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಡಾರ್ವೆಲ್ ಊರಿನ ಹತ್ತಿರದ ಒಂದು ರೈತ ಕುಟುಂಬದಲ್ಲಿ. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಗುಡ್ಡಗಾಡಿನಲ್ಲಿ ನಡೆದು ಹಳ್ಳಿಯ ಶಾಲೆಗೆ ಹೋಗಿ ಕಲಿತರು. ಮುಂದೆ ಲಂಡನ್ನಿಗೆ ಹೋಗಿ ನಾಲ್ಕು ವರ್ಷ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸಂಬಂಧಿಕರೊಬ್ಬರು ಬಿಟ್ಟುಹೋದ ಆಸ್ತಿಯಲ್ಲಿ ಸ್ವಲ್ಪ ಪಾಲು ಬಂದದ್ದರಿಂದ 1901ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆ ಸೇರಲು ಸಾಧ್ಯವಾಯಿತು. ಅವರ ಮುಂದಿನ ಸಂಶೋಧನೆಯೆಲ್ಲ ಹೆಚ್ಚುಕಡಿಮೆ ಅಲ್ಲಿಯೇ ನಡೆಯಿತು.

ಮೊದಲ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿ ಗಾಯಾಳು ಸೈನಿಕರ ನಡುವೆ ಕೆಲಸ ಮಾಡಿದರು. ಆಳವಾದ ಗಾಯಕ್ಕೆ ಸುರಿಯುತ್ತಿದ್ದ ಕ್ರಿಮಿನಾಶಕಗಳು ಕ್ರಿಮಿಗಳಿಗಿಂತ ಹೆಚ್ಚಾಗಿ ದೇಹದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತಿದ್ದುದನ್ನು ಕಂಡರು. ದೇಹಕ್ಕೆ ಕೆಡುಕು ಮಾಡದೆ ಕ್ರಿಮಿಯನ್ನು ಮಾತ್ರ ಕೊಲ್ಲುವ ವಸ್ತು ಇದೆಯೇ ಎಂಬ ಹುಡುಕಾಟ ಹೀಗೆ ಶುರುವಾಯಿತು. 1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದಾಗ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿತ್ತು. ಅದರ ಸುತ್ತಲಿನ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಕುರು, ಕೀವು ಮಾಡುವ ಬ್ಯಾಕ್ಟೀರಿಯಾ ಇದೇ. ಬೂಷ್ಟಿನ ರಸಕ್ಕೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟು 1929ರಲ್ಲಿ ಪ್ರಕಟಿಸಿದರು. ಅದನ್ನು ಶುದ್ಧ ಮಾಡಿ ಔಷಧವಾಗಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು. 1941ರಲ್ಲಿ ಅವರು ಒಬ್ಬ ಪೊಲೀಸನಿಗೆ ಔಷಧ ಕೊಟ್ಟಾಗ ಆತ ಚೇತರಿಸಿಕೊಳ್ಳತೊಡಗಿದ. ಆದರೆ ಔಷಧ ಮುಗಿದುಹೋಯಿತು, ಆತ ಉಳಿಯಲಿಲ್ಲ.

ನಮ್ಮ ಪಾಠ ಹೆಚ್ಚುಕಡಿಮೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಆ ರೋಗಿಗೆ ಔಷಧ ಕೊಡುವ ಮೊದಲೇ, 1940ರಲ್ಲಿ, ಚೈನ್ ಮತ್ತು ಅಬ್ರಹಾಂ ಇನ್ನೊಂದು ಸಂಗತಿ ಕಂಡಿದ್ದರು. ಪೆನಿಸಿಲಿನನ್ನೇ ಹಾಳುಮಾಡುವ ಕಿಣ್ವವೊಂದನ್ನು ಕೆಲವು ಬ್ಯಾಕ್ಟೀರಿಯಾ ತಯಾರಿಸುತ್ತವೆ. ಫ್ಲೆಮಿಂಗ್ ಅವರ ತಟ್ಟೆಯಲ್ಲಿದ್ದ ಸ್ಟೆಫಿಲೊಕಾಕಸ್ ಜಾತಿಯಲ್ಲೂ ಇಂಥವು ಇವೆ. ಅವು ಈ ಕಿಣ್ವವನ್ನು ಹೊರಕ್ಕೆ ಬಿಡುವುದರಿಂದ ಸುತ್ತಲಿನ ಔಷಧ ಕೆಡುತ್ತದೆ, ನೆರೆಯ ಬ್ಯಾಕ್ಟೀರಿಯಾಗಳೂ ಬದುಕಿಕೊಳ್ಳುತ್ತವೆ.

ನಮ್ಮ ಗದ್ದೆಬಯಲನ್ನೇ ನೋಡಿ. ನಾಲ್ಕು ಮನೆಯವರು ಸೇರಿ ಬೇಲಿ ಕಟ್ಟಿದರೆ, ಒಂದು ಗೂಟವನ್ನೂ ಕೊಡದ ಐದನೆಯವನ ಗದ್ದೆಗೂ ಹಂದಿ ನುಗ್ಗುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲೂ ಇಂಥ ಐದನೆಯವರಿದ್ದಾರೆ. ಕಿಣ್ವ ಮಾಡುವ ಖರ್ಚು ಇಲ್ಲದ್ದರಿಂದ ಅವು ಬೇಗ ಬೆಳೆಯುತ್ತವೆ. ಆದರೆ ಎಲ್ಲವೂ ಹಾಗಾದರೆ ಬೇಲಿಯೇ ಇರುವುದಿಲ್ಲ, ಔಷಧ ಎಲ್ಲವನ್ನೂ ಕೊಲ್ಲುತ್ತದೆ. ಹೀಗಾಗಿ ದುಡಿಯುವವು, ಮೋಸ ಮಾಡುವವು ಎರಡೂ ಒಟ್ಟಿಗೆ ಉಳಿದುಕೊಳ್ಳುತ್ತವೆ. ವಿಷದ ವಿಷಯದಲ್ಲೂ ಹೀಗೆಯೇ. ಸ್ಟೆಫಿಲೊಕಾಕಸ್ ತಾನು ಬಿಡುವ ರಾಸಾಯನಿಕ ಸಂಕೇತದಿಂದ ಗುಂಪು ಎಷ್ಟು ದೊಡ್ಡದಾಗಿದೆ ಎಂದು ತಿಳಿದು, ಸಾಕಷ್ಟು ಜನ ಸೇರಿದ ಮೇಲೆ ಹೆಚ್ಚಿನ ವಿಷ ಬಿಡುತ್ತದೆ. ಅಲ್ಲಿಯೂ ಕೆಲವು ಏನೂ ಬಿಡದೆ ಪಾಲು ಮಾತ್ರ ತಿನ್ನುತ್ತವೆ.

ಔಷಧದ ಪ್ರಮಾಣ ಮುಖ್ಯವಾಗುವುದು ಇಲ್ಲಿ. ಔಷಧ ಕಡಿಮೆಯಿದ್ದರೆ ಕಿಣ್ವ ಮಾಡುವ ಕೆಲವೇ ಬ್ಯಾಕ್ಟೀರಿಯಾ ಅದನ್ನು ಬೇಗ ಮುಗಿಸಿಬಿಡುತ್ತವೆ, ಮೋಸಗಾರರೂ ಸೇರಿ ಇಡೀ ಗುಂಪು ಬದುಕುತ್ತದೆ. 1945ರಲ್ಲಿ ಫ್ಲೋರಿ ಮತ್ತು ಚೈನ್ ಜೊತೆ ನೊಬೆಲ್ ಪಡೆದಾಗ ಫ್ಲೆಮಿಂಗ್ ತಮ್ಮ ಉಪನ್ಯಾಸದಲ್ಲಿ ಅರೆಬರೆ ಪ್ರಮಾಣದ ಅಪಾಯವನ್ನೇ ಎಚ್ಚರಿಸಿದರು. ಗಂಡ ಗಂಟಲುನೋವಿಗೆ ಸಾಲದಷ್ಟು ಪೆನಿಸಿಲಿನ್ ತೆಗೆದುಕೊಂಡು, ಔಷಧಕ್ಕೆ ಬಗ್ಗದಂತಾದ ಕ್ರಿಮಿ ಹೆಂಡತಿಗೆ ಅಂಟಿ ಆಕೆ ಸಾಯುವ ಕಲ್ಪಿತ ಪ್ರಸಂಗವೊಂದನ್ನು ಹೇಳಿದರು. 1948ರ ಹೊತ್ತಿಗೆ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಸ್ಟೆಫಿಲೊಕಾಕಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆನಿಸಿಲಿನ್‌ಗೆ ಜಗ್ಗದವಾಗಿದ್ದವು. ತಮ್ಮ ಔಷಧ ಸೋಲತೊಡಗಿದ್ದನ್ನು ಜೀವಿತಕಾಲದಲ್ಲೇ ಕಂಡ ಫ್ಲೆಮಿಂಗ್ 1955ರ ಮಾರ್ಚ್ 11ರಂದು ನಿಧನರಾದರು.

ನಮ್ಮ ಕಡೆಯ ಜ್ವರಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್ಸಿನಿಂದ ಬರುವುದು. ಪೆನಿಸಿಲಿನ್ ಆಗಲಿ ಬೇರೆ ಆ್ಯಂಟಿಬಯೋಟಿಕ್ ಆಗಲಿ ಆ ವೈರಸ್ಸನ್ನು ಕೊಲ್ಲಲಾರವು. ಇಲಿ ಜ್ವರ ಬ್ಯಾಕ್ಟೀರಿಯಾದಿಂದ ಬರುವುದು, ಅದಕ್ಕೆ ಪೆನಿಸಿಲಿನ್ ಇಂದಿಗೂ ಕೆಲಸ ಮಾಡುತ್ತದೆ. ಯಾವ ಜ್ವರ ಎಂದು ವೈದ್ಯರು ನೋಡಿ ಹೇಳುವ ಮೊದಲು ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗುವುದು, ವೈದ್ಯರು ಕೊಟ್ಟದ್ದನ್ನು ಎರಡೇ ದಿನಕ್ಕೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ಜ್ವರಕ್ಕೆ ಎತ್ತಿಡುವುದು ನಮ್ಮಲ್ಲಿ ಸಾಮಾನ್ಯ. ಔಷಧದ ಶಕ್ತಿಯೂ ಊರಿಗೆಲ್ಲ ಸೇರಿದ ಬೇಲಿಯೇ. ಒಬ್ಬರು ಅದರ ಗೂಟ ಕಿತ್ತರೆ ನಾಳೆ ಹಂದಿ ನುಗ್ಗುವುದು ಪಕ್ಕದ ಮನೆಯ ಮಗುವಿನ ಪಾಲಿಗೂ ಆಗಬಹುದು. ಶಾಲೆಯಲ್ಲಿ ಈಗ ಓದುತ್ತಿರುವ ಮಕ್ಕಳು ಫ್ಲೆಮಿಂಗ್ ಹೆಸರಿನ ಜೊತೆಗೆ ಇದನ್ನೂ ಮನೆಗೆ ಒಯ್ದು ಹೇಳಲಿ ಎಂಬುದು ನನ್ನ ಆಸೆ.