ನೀರ್ ಸಾಬ್ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್

ನಮ್ಮ ಸೀಮೆಯ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗಳ ನಾಮಫಲಕದ ಮೇಲೆ ಮಂಡಲ ಪರಿಷತ್ ಪ್ರಾಥಮಿಕ ಶಾಲೆ ಎಂದೋ ಜಿಲ್ಲಾ ಪರಿಷತ್ ಪ್ರೌಢಶಾಲೆ ಎಂದೋ ಬರೆದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಿತ್ಯವೂ ಕಣ್ಣಿಗೆ ಬೀಳುವುದರಿಂದಲೋ ಏನೋ, ಆ ಹೆಸರುಗಳ ಅರ್ಥವನ್ನು ವಿಚಾರಿಸಲು ಹೋಗುವುದಿಲ್ಲ. ಶಾಲೆಯು ದೂರದ ರಾಜಧಾನಿಯ ಸೊತ್ತಲ್ಲ, ಇಲ್ಲಿಯ ಜನರು ಆರಿಸಿದ ಸಂಸ್ಥೆಯ ಹೊಣೆ ಎಂಬುದೇ ಅವುಗಳ ತಾತ್ಪರ್ಯ. ಈ ತಾತ್ಪರ್ಯವನ್ನು ಕನ್ನಡ ನಾಡಿನಲ್ಲಿ ನಿಜವಾಗಿಸಲು ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಸವೆಸಿದವರು ಅಬ್ದುಲ್ ನಜೀರ್ ಸಾಬ್. ನಮ್ಮ ಶಾಲೆಯ ಶತಮಾನೋತ್ಸವದ ಈ ಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಗದ್ವಾಲಿನ ಶಾಲೆಯೊಂದು ಕರ್ನಾಟಕದ ಸಚಿವರನ್ನು ನೆನೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ಕೃಷ್ಣಾ ತುಂಗಭದ್ರೆಗಳ ನಡುವಿನ ಒಂದೇ ನೆಲ ಅಂದು ಎರಡು ರಾಜ್ಯಗಳಿಗೆ ಹಂಚಿಹೋಯಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಬಂಧುಬಳಗ ಇಂದಿಗೂ ರಾಯಚೂರು ಸೀಮೆಯಲ್ಲಿದೆ. ಅಲ್ಲಿಯ ಹಳ್ಳಿಗಳ ಬದುಕನ್ನು ಬದಲಿಸಿದವರು ನಮಗೂ ಪರಕೀಯರಲ್ಲ.

ನಜೀರ್ ಸಾಬರ ಊರು ಗುಂಡ್ಲುಪೇಟೆ. ಅದೂ ನಮ್ಮ ಊರಿನಂತೆಯೇ ಗಡಿಯ ಊರು. ಬಂಡೀಪುರದ ಕಾಡಿನ ಅಂಚಿನಲ್ಲಿ, ತಮಿಳುನಾಡು ಮತ್ತು ಕೇರಳಗಳಿಗೆ ಹೋಗುವ ದಾರಿಗಳು ಕವಲೊಡೆಯುವ ಸ್ಥಳದಲ್ಲಿದೆ. ರಾಜಧಾನಿಯಿಂದ ದೂರವಿರುವ ಊರಿನವರಿಗೆ, ಒಂದು ಸಣ್ಣ ಕೆಲಸಕ್ಕೂ ಅಲ್ಲಿಯ ಅಪ್ಪಣೆಗಾಗಿ ಕಾಯಬೇಕಾದ ಕಷ್ಟ ಎಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಅಧಿಕಾರಕ್ಕೆ ಬಂದಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆ ನಜೀರ್ ಸಾಬರ ಪಾಲಿಗೆ ಬಂದಿತು. ಅವು ಬರಗಾಲದ ವರ್ಷಗಳು. ಕೆರೆಗಳು ಬತ್ತಿ, ತೆರೆದ ಬಾವಿಗಳು ಬರಿದಾಗಿ, ಹೆಂಗಸರು ಒಂದು ಕೊಡ ನೀರಿಗಾಗಿ ಮೈಲಿಗಟ್ಟಲೆ ನಡೆಯುತ್ತಿದ್ದ ಕಾಲ. 250 ಜನರಿಗೆ ಒಂದು ಕೊಳವೆಬಾವಿ ಎಂಬ ಲೆಕ್ಕವನ್ನು ಮುಂದಿಟ್ಟುಕೊಂಡು ಅವರು ಹಳ್ಳಿಹಳ್ಳಿಗೂ ನೀರು ಮುಟ್ಟಿಸಲು ಹೊರಟರು. ನಮ್ಮ ಸೀಮೆಯಲ್ಲಿ ಬೋರಿಂಗು ಎಂದು ಕರೆಯುವ ಕೈಪಂಪುಗಳು ಕರ್ನಾಟಕದ ಹರಿಜನ ಕೇರಿಗಳಲ್ಲಿಯೂ ತಾಂಡಾಗಳಲ್ಲಿಯೂ ಕಾಣಿಸಿಕೊಂಡವು. ಜನರು ಪ್ರೀತಿಯಿಂದ ಅವರನ್ನು ನೀರ್ ಸಾಬ್ ಎಂದು ಕರೆದರು. ಯಾವ ವಿಶ್ವವಿದ್ಯಾಲಯವೂ ಕೊಡಲಾರದ ಬಿರುದು ಅದು.

ನೀರು ಕೊಟ್ಟ ಸಚಿವರೆಂಬ ಕೀರ್ತಿ ಯಾವ ರಾಜಕಾರಣಿಗಾದರೂ ಸಾಕಾಗುತ್ತಿತ್ತು. ನಜೀರ್ ಸಾಬರು ಅಷ್ಟಕ್ಕೇ ನಿಲ್ಲಲಿಲ್ಲ. ಕೈಪಂಪನ್ನು ನೆಡುವುದು ಒಂದು ದಿನದ ಕೆಲಸ, ಅದನ್ನು ನಡೆಸಿಕೊಂಡು ಹೋಗುವುದು ವರ್ಷಗಳ ಕೆಲಸ. ಪಂಪಿನೊಳಗಿನ ವಾಷರ್ ಸವೆದುಹೋದರೆ ಅದರ ಬೆಲೆ ಅಲ್ಪ. ಆದರೆ ಅದನ್ನು ಬದಲಿಸುವ ಅಧಿಕಾರವೂ ಹಣವೂ ದೂರದ ಕಚೇರಿಯಲ್ಲಿದ್ದರೆ ಊರಿಗೆ ಊರೇ ಬಾಯಾರಿ ಕುಳಿತಿರಬೇಕಾಗುತ್ತದೆ. ಹಳ್ಳಿಯ ಕೊರತೆಗೂ ಅದನ್ನು ನೀಗಿಸುವ ನಿರ್ಧಾರಕ್ಕೂ ನಡುವೆ ಇರುವ ಈ ದೂರವನ್ನು ಕಡಿಮೆ ಮಾಡುವುದೇ ಅವರ ಮುಂದಿನ ಸಾಧನೆಯ ಸಾರವೆಂದು ನಮಗೆ ತೋರುತ್ತದೆ.

ಅದುವರೆಗೆ ಕರ್ನಾಟಕದಲ್ಲಿ ನಡೆಯುತ್ತಿದ್ದುದು 1959ರ ಕಾನೂನಿನ ವ್ಯವಸ್ಥೆ. ತಾಲ್ಲೂಕು ಅಭಿವೃದ್ಧಿ ಮಂಡಳಿಗಳಿದ್ದವು. ಜಿಲ್ಲೆಯ ಮಟ್ಟದಲ್ಲಿ ಸಲಹೆ ಕೊಡುವ ಪರಿಷತ್ತು ಮಾತ್ರವಿತ್ತು. 1978ರಲ್ಲಿ ಅಶೋಕ ಮೆಹ್ತಾ ಸಮಿತಿಯು ಜಿಲ್ಲೆಗೆ ಬಲವಾದ ಪರಿಷತ್ತು, ಅದರ ಕೆಳಗೆ ಹಲವು ಹಳ್ಳಿಗಳು ಕೂಡಿದ ಮಂಡಲ ಪಂಚಾಯಿತಿ ಇರಬೇಕೆಂದು ಸೂಚಿಸಿತ್ತು. ನಜೀರ್ ಸಾಬರು ಆ ಸೂಚನೆಗೆ ಕಾನೂನಿನ ರೂಪ ಕೊಟ್ಟರು. 1983ರಲ್ಲಿ ಶಾಸನಸಭೆಯ ಮುಂದೆ ಬಂದ ವಿಧೇಯಕಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆದು 19 ಜಿಲ್ಲಾ ಪರಿಷತ್ತುಗಳೂ ಸುಮಾರು 2,500 ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದವು.

ನಮ್ಮಲ್ಲಿ ಮಂಡಲವೆಂದರೆ 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಾಡಿದ ದೊಡ್ಡ ಘಟಕ. ಕರ್ನಾಟಕದ ಮಂಡಲ ಅದಕ್ಕಿಂತ ಚಿಕ್ಕದು. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಯ ಕೆಲವು ಹಳ್ಳಿಗಳ ಗುಂಪು. ಸುಮಾರು 400 ಜನರಿಗೆ ಒಬ್ಬ ಸದಸ್ಯ. ಮತ ಕೇಳಲು ಬಂದವರು ಮನೆಯ ಪಕ್ಕದವರೇ ಆಗಿರುತ್ತಿದ್ದರು. ಸ್ಥಾನಗಳಲ್ಲಿ ಕಾಲು ಭಾಗ ಮಹಿಳೆಯರಿಗೆ ಮೀಸಲಾಗಿತ್ತು. ರಾಷ್ಟ್ರದ ಸಂವಿಧಾನವು ಇಂಥ ಮೀಸಲಾತಿಯನ್ನು ಕಡ್ಡಾಯಗೊಳಿಸುವುದಕ್ಕೆ ಆರು ವರ್ಷಗಳ ಮೊದಲೇ, 50 ಸಾವಿರಕ್ಕೂ ಹೆಚ್ಚು ಜನಪ್ರತಿನಿಧಿಗಳ ನಡುವೆ ಸುಮಾರು 14 ಸಾವಿರ ಮಹಿಳೆಯರು ಕರ್ನಾಟಕದ ಪಂಚಾಯಿತಿಗಳಲ್ಲಿ ಕುಳಿತರು. ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಮಗೆ ಈ ಸಂಖ್ಯೆ ಮರೆಯುವಂಥದಲ್ಲ.

ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯನ್ನು ನೇಮಿಸಲಾಯಿತು. ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರು, ಕೃಷಿ ಮೊದಲಾದ ಕೆಲಸಗಳ ಜೊತೆಗೆ ಅವುಗಳ ಸಿಬ್ಬಂದಿಯೂ ಹಣವೂ ಜಿಲ್ಲೆಗೆ ಇಳಿದುಬಂದವು. ರಾಜ್ಯದ ಬಜೆಟ್ಟಿನಲ್ಲಿ ಯಾವ ಜಿಲ್ಲೆಗೆ ಎಷ್ಟು ಹಣವೆಂಬುದನ್ನು ತೋರಿಸುವ ಲಿಂಕ್ ಡಾಕ್ಯುಮೆಂಟ್ ಎಂಬ ಪ್ರತ್ಯೇಕ ಪುಸ್ತಕ ಬಂದಿತು. ತನ್ನ ಪಾಲು ಎಷ್ಟೆಂದು ಜಿಲ್ಲೆಗೆ ಮುಂಚಿತವಾಗಿಯೇ ತಿಳಿಯುವಂತಾಯಿತು.

ಇದೆಲ್ಲ ಸುಲಭವಾಗಿ ಆದದ್ದಲ್ಲ. ವರ್ಗಾವಣೆ, ಗುತ್ತಿಗೆ, ಮಂಜೂರಾತಿಗಳು ತಮ್ಮ ಕೈತಪ್ಪಿದ್ದನ್ನು ಕಂಡು ಅನೇಕ ಶಾಸಕರು ಅಸಮಾಧಾನಗೊಂಡರು. ಅಧಿಕಾರಿವರ್ಗದಲ್ಲಿಯೂ ಹಿಂಜರಿಕೆಯಿತ್ತು. ಚುನಾವಣೆಯಲ್ಲಿ ಕೆಲವು ಜಿಲ್ಲೆಗಳು ವಿರೋಧ ಪಕ್ಷದ ಕೈಸೇರಿದವು. ಆ ಜಿಲ್ಲೆಗಳಿಗೂ ಹಣ, ಸಿಬ್ಬಂದಿ, ಸ್ಥಾನಮಾನಗಳು ಅದೇ ಕಾನೂನಿನಂತೆಯೇ ಸಲ್ಲಬೇಕಾಗಿತ್ತು. ಅಧಿಕಾರವಿಲ್ಲದಾಗ ವಿಕೇಂದ್ರೀಕರಣವನ್ನು ಬೇಡುವುದು ಸುಲಭ. ಅಧಿಕಾರ ಕೈಯಲ್ಲಿರುವಾಗ ಅದನ್ನು ತನ್ನವರಲ್ಲದವರಿಗೂ ಬಿಟ್ಟುಕೊಡುವುದು ಕಠಿಣ. ನಜೀರ್ ಸಾಬರ ದೊಡ್ಡತನವನ್ನು ಅಳೆಯಬೇಕಾದುದು ಇಲ್ಲಿ.

ಹೊಸ ವ್ಯವಸ್ಥೆಗೆ ಎರಡು ವರ್ಷ ತುಂಬುವ ಮೊದಲೇ, 1988ರ ಅಕ್ಟೋಬರಿನಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡರು. ತಾವು ನೆಟ್ಟ ಗಿಡ ಫಲ ಕೊಡುವುದನ್ನು ಅವರು ಪೂರ್ಣವಾಗಿ ಕಾಣಲಿಲ್ಲ. ಮರುವರ್ಷ ಈ ಸಂಸ್ಥೆಗಳ ಕೆಲಸವನ್ನು ಪರಿಶೀಲಿಸಿದ ಕೃಷ್ಣಸ್ವಾಮಿ ಸಮಿತಿಯು ಶಾಲೆಗಳಲ್ಲಿ ಶಿಕ್ಷಕರ ಹಾಜರಿಯೂ ಆಸ್ಪತ್ರೆಗಳಲ್ಲಿ ವೈದ್ಯರ ಹಾಜರಿಯೂ ಸುಧಾರಿಸಿದ್ದನ್ನು ಗುರುತಿಸಿತು. ಕೇಳುವವರು ಹತ್ತಿರದಲ್ಲಿದ್ದರೆ ಕೆಲಸ ಮಾಡುವವರು ಎಚ್ಚರವಾಗಿರುತ್ತಾರೆ. ಶಿಕ್ಷಕವೃತ್ತಿಯಲ್ಲಿರುವ ನಾವು ಈ ಮಾತನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು.

ಆದರೆ ನೋವಿನ ಸಂಗತಿಯೂ ಉಂಟು. 1992ರಲ್ಲಿ ಈ ಸಂಸ್ಥೆಗಳ ಅವಧಿ ಮುಗಿದಾಗ ಕೂಡಲೇ ಚುನಾವಣೆ ನಡೆಯಲಿಲ್ಲ. ಚುನಾಯಿತರ ಸ್ಥಾನಕ್ಕೆ ಆಡಳಿತಾಧಿಕಾರಿಗಳು ಬಂದರು. ಸರ್ಕಾರದ ಇಚ್ಛೆಯಿಂದ ಬಂದುದು ಸರ್ಕಾರದ ಇಚ್ಛೆಯಿಂದಲೇ ಹೋಗಬಹುದೆಂಬುದು ಸ್ಪಷ್ಟವಾಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ನಡೆಯಲೇಬೇಕೆಂದು ವಿಧಿಸಿತು. ಮಹಿಳೆಯರಿಗೆ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಟ್ಟಿತು. ಆ ತಿದ್ದುಪಡಿಯ ಹಿಂದಿದ್ದ ಅನುಭವಗಳಲ್ಲಿ ಕರ್ನಾಟಕದ ಅನುಭವವೂ ಮುಖ್ಯವಾದುದು. ಹೀಗಿದ್ದರೂ ಎಷ್ಟು ಹಣ, ಎಷ್ಟು ಸಿಬ್ಬಂದಿಯನ್ನು ಕೆಳಗಿಳಿಸಬೇಕೆಂಬ ನಿರ್ಧಾರ ರಾಜ್ಯಗಳ ಕೈಯಲ್ಲಿಯೇ ಉಳಿದಿದೆ. ಫಲಕದ ಮೇಲೆ ಪರಿಷತ್ತಿನ ಹೆಸರಿದ್ದ ಮಾತ್ರಕ್ಕೆ ಅಧಿಕಾರವೂ ಅಲ್ಲಿದೆಯೆಂದು ತಿಳಿಯುವಂತಿಲ್ಲ.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಇಂದು ನಜೀರ್ ಸಾಬರ ಹೆಸರಿದೆ. ಹಳ್ಳಿಗಳ ಚುನಾಯಿತ ಸದಸ್ಯರು ಅಲ್ಲಿ ತರಬೇತಿ ಪಡೆಯುತ್ತಾರೆ. ಅವರ ಸ್ಮರಣೆಗೆ ನಾವು ಇಲ್ಲಿಯೇ ಮಾಡಬಹುದಾದ ಕೆಲಸವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನವನ್ನು ಪೋಷಕರಿಗೆ ಕೊಟ್ಟಿದೆ. ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕೆಂದೂ ಹೇಳಿದೆ. ಅಧಿಕಾರದ ಏಣಿಯಲ್ಲಿ ಜನರಿಗೆ ತೀರ ಹತ್ತಿರದ ಮೆಟ್ಟಿಲು ಅದು. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆ ಉಳಿಯಬೇಕಾದರೆ, ಕನ್ನಡ ಬಲ್ಲ ಶಿಕ್ಷಕರು ಬೇಕೆಂದು, ಪಠ್ಯಪುಸ್ತಕಗಳು ಕಾಲಕ್ಕೆ ಸರಿಯಾಗಿ ಬರಬೇಕೆಂದು ಕೇಳುವ ದನಿ ಮೊದಲು ಇಲ್ಲಿಂದಲೇ ಏಳಬೇಕು. ಪೋಷಕರು ಸಭೆಗೆ ಬಂದು ಸಹಿ ಹಾಕಿ ಹೋದರೆ ಸಾಲದು. ಲೆಕ್ಕ ಕೇಳಬೇಕು, ಕೊರತೆ ಹೇಳಬೇಕು, ನಮ್ಮನ್ನೂ ಪ್ರಶ್ನಿಸಬೇಕು. ಶಾಲೆಯ ಎರಡನೆಯ ಶತಮಾನದ ಮೊದಲ ಸಭೆಗೆ ತಾವೆಲ್ಲರೂ ಆ ಸಿದ್ಧತೆಯಿಂದ ಬರಬೇಕೆಂದು ಪ್ರಾರ್ಥಿಸುತ್ತೇವೆ.