ಬಸವ ಜಯಂತಿಯನ್ನು ಊರ ಹಬ್ಬವಾಗಿಸಿದ ಹರ್ಡೇಕರ ಮಂಜಪ್ಪ

ದಾವಣಗೆರೆ: ಸರ್ಕಾರಿ ರಜೆಯೊಂದಿಗೆ ಇಂದು ನಾಡಿನಾದ್ಯಂತ ಆಚರಿಸಲಾಗುವ ಬಸವ ಜಯಂತಿ ಸಾರ್ವಜನಿಕ ಉತ್ಸವವಾಗಿ ಮೊದಲು ನಡೆದದ್ದು 1913ರಲ್ಲಿ, ದಾವಣಗೆರೆಯ ವಿರಕ್ತ ಮಠದಲ್ಲಿ. ಮಠದ ಮೃತ್ಯುಂಜಯ ಅಪ್ಪಗಳ ಬೆಂಬಲದಿಂದ ಅದನ್ನು ಆರಂಭಿಸಿದವರು ಹರ್ಡೇಕರ ಮಂಜಪ್ಪ.

1886ರಲ್ಲಿ ಬನವಾಸಿಯ ಬಡ ಕುಟುಂಬದಲ್ಲಿ ಜನಿಸಿದ ಮಂಜಪ್ಪನವರು ಶಿರಸಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. ಸ್ವದೇಶಿ ಚಳವಳಿಗೆ ಓಗೊಟ್ಟು ನೌಕರಿ ತೊರೆದು, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ವಾರಪತ್ರಿಕೆ ಹೊರಡಿಸಿದರು. ಪತ್ರಿಕೆ ತಲುಪುತ್ತಿದ್ದುದು ಅಕ್ಷರ ಬಲ್ಲವರನ್ನು ಮಾತ್ರ. ಆ ಕಾಲದಲ್ಲಿ ಅಂಥವರು ಎಷ್ಟು ಮಂದಿ? ತಿಲಕರ ಗಣೇಶೋತ್ಸವ ಮಹಾರಾಷ್ಟ್ರದ ಜನರನ್ನು ಒಗ್ಗೂಡಿಸಿದ ಬಗೆ ಅವರ ಕಣ್ಣಮುಂದಿತ್ತು. ಮಠದಲ್ಲಿ ಶ್ರಾವಣದ ಭಜನೆ, ಪ್ರವಚನಗಳು ಆರಂಭವಾದವು. ಜಯಂತಿ ಅದರ ಮುಂದಿನ ಹೆಜ್ಜೆ. ವಚನಕಾರರ ಕಾಯಕ, ದಾಸೋಹದ ಮಾತು ದುಡಿದು ಬಂದವರ ಕಿವಿಗೂ ಬಿದ್ದದ್ದು ಹೀಗೆ.

ಬಳಿಕ ಗಾಂಧೀಜಿಯವರ ಪ್ರಭಾವ ಗಾಢವಾಯಿತು. ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದ ಮಂಜಪ್ಪನವರು ಹರಿಹರದ ತುಂಗಭದ್ರಾ ತೀರದಲ್ಲಿ ಸತ್ಯಾಗ್ರಹ ಆಶ್ರಮ ಸ್ಥಾಪಿಸಿದರು. ಬ್ರಹ್ಮಚಾರಿಯಾಗಿಯೇ ಉಳಿದ ಅವರಿಗೆ ಮನೆ, ಆಸ್ತಿಯ ಹಂಗಿರಲಿಲ್ಲ. 1927ರಲ್ಲಿ ಆಲಮಟ್ಟಿಗೆ ತೆರಳಿ ವಿದ್ಯಾಲಯ ತೆರೆದು, ಖಾದಿ ಮತ್ತು ಗ್ರಾಮಸೇವೆಯಲ್ಲಿ ತೊಡಗಿದರು.

‘ಕರ್ನಾಟಕದ ಗಾಂಧಿ’ ಎಂಬ ಬಿರುದು ಅವರ ಬದುಕಿನ ಅರ್ಧವನ್ನಷ್ಟೇ ಹೇಳುತ್ತದೆ. ಖಾದಿಗಿಂತ ಮೊದಲೇ ಬಸವಣ್ಣನವರು ಅವರ ಕೈಹಿಡಿದಿದ್ದರು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳಿರುವಾಗ ಮಂಜಪ್ಪನವರು ನಿಧನರಾದರು. ಆಲಮಟ್ಟಿಯಲ್ಲಿ ಅವರ ಸ್ಮಾರಕ ಶಾಲೆಯಿದೆ.