ಅಂಗಳಕ್ಕೆ ಶಾಲೆ ತಂದ ತಾರಾಬಾಯಿ ಮೋಡಕ್



ಈ ಸಲ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ಗಾಂಧೀಜಿ, ಅಂಬೇಡ್ಕರ್, ವಿಶ್ವೇಶ್ವರಯ್ಯ ಇವರ ಬಗ್ಗೆಯೆಲ್ಲ ಹಿಂದಿನ ಸಂಚಿಕೆಗಳಲ್ಲಿ ಬರೆದಾಗಿದೆ. ನಾನು ಆರಿಸಿಕೊಂಡಿರುವುದು ತಾರಾಬಾಯಿ ಮೋಡಕ್ ಅವರನ್ನು. ಈ ಹೆಸರು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ಅವರ ಕೆಲಸದಿಂದ ಹುಟ್ಟಿದ ಒಂದು ಮಾತನ್ನು ಮಾತ್ರ ನಾವು ದಿನಾ ಆಡುತ್ತೇವೆ. ಆ ಮಾತು ಅಂಗನವಾಡಿ.

ಇವರನ್ನೇ ಯಾಕೆ ಆರಿಸಿಕೊಂಡೆ ಅಂದರೆ ಅದಕ್ಕೆ ನಮ್ಮಕ್ಕ ಕಾರಣ. ಅಕ್ಕ ಓದಿದ್ದು ನಾಲ್ಕನೇ ತರಗತಿವರೆಗೆ ಮಾತ್ರ. ದಡ್ಡಿ ಅಂತಲ್ಲ. ಮಗ್ಗಿಯನ್ನು ಈಗಲೂ ನನಗಿಂತ ಬೇಗ ಹೇಳುತ್ತಾಳೆ. ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ನಾನು ಎಂಟು ತಿಂಗಳ ಕೂಸು. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗಬೇಕಿತ್ತು. ನನ್ನನ್ನು ಎತ್ತಿಕೊಳ್ಳೋಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೊದಮೊದಲು ಅಕ್ಕ ವಾರಕ್ಕೆ ಎರಡು ದಿನ ಶಾಲೆ ತಪ್ಪಿಸಿದಳು. ನಾಟಿ ಬಂದಾಗ ತಿಂಗಳು ಪೂರ್ತಿ ತಪ್ಪಿಸಿದಳು. ಆಮೇಲೆ ಹೋಗಲೇ ಇಲ್ಲ. ಇದು ನನಗೆ ತಿಳಿದದ್ದು ಹೋದ ವರ್ಷ. ತಾರಾಬಾಯಿಯವರ ವಿಷಯ ಓದಿದಾಗ, ನಮ್ಮಕ್ಕನಂಥ ಹುಡುಗಿಯರನ್ನು ಎಷ್ಟೋ ವರ್ಷ ಮೊದಲೇ ಒಬ್ಬರು ನೋಡಿದ್ದರಲ್ಲ ಅನ್ನಿಸಿತು.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ಇಬ್ಬರೂ ಪ್ರಾರ್ಥನಾ ಸಮಾಜಕ್ಕೆ ಸೇರಿದ ಸುಧಾರಕರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ತಾರಾಬಾಯಿ 1914ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಮದುವೆಯಾಗಿ ಅಮರಾವತಿಗೆ ಹೋದರು. ಪ್ರಭಾ ಎಂಬ ಮಗಳು ಹುಟ್ಟಿದಳು. ಆದರೆ ಸಂಸಾರದಲ್ಲಿ ನೆಮ್ಮದಿ ಸಿಗಲಿಲ್ಲ. 1921ರಲ್ಲಿ ಗಂಡನಿಂದ ಬೇರೆಯಾದರು. ಆಗಿನ ಕಾಲಕ್ಕೆ ಇದು ಎಷ್ಟು ಕಷ್ಟದ ತೀರ್ಮಾನ ಅಂತ ನಮ್ಮ ಊರಿನ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಅವರು ಗುಜರಾತಿನ ರಾಜಕೋಟೆಯಲ್ಲಿ ಮಹಿಳೆಯರ ಶಿಕ್ಷಕ ತರಬೇತಿ ಕಾಲೇಜಿನ ಮುಖ್ಯಸ್ಥೆಯಾದರು. ದೊಡ್ಡ ಹುದ್ದೆ. ಅಷ್ಟರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬುವವರು ನಡೆಸುತ್ತಿದ್ದ ಶಾಲೆಯ ಸುದ್ದಿ ಅವರ ಕಿವಿಗೆ ಬಿತ್ತು. ಗಿಜುಭಾಯಿ ಮೊದಲು ವಕೀಲರು. ಇಟಲಿಯ ಮರಿಯಾ ಮಾಂಟೆಸ್ಸರಿಯವರ ಪುಸ್ತಕ ಓದಿ ವಕೀಲಿ ಬಿಟ್ಟು, 1920ರಲ್ಲಿ ಬಾಲಮಂದಿರ ಶುರು ಮಾಡಿದ್ದರು. ಅಲ್ಲಿ ಬೆತ್ತ ಇರಲಿಲ್ಲ, ಬೈಗುಳ ಇರಲಿಲ್ಲ. ಮಕ್ಕಳು ಅವರನ್ನು ಮೀಸೆಯ ತಾಯಿ ಅಂತ ಕರೆಯುತ್ತಿದ್ದರಂತೆ! 1923ರಲ್ಲಿ ತಾರಾಬಾಯಿ ಆ ದೊಡ್ಡ ಹುದ್ದೆ ಬಿಟ್ಟು ಭಾವನಗರಕ್ಕೆ ಹೋದರು. ಕಾಲೇಜಿನವರು ಪುಟ್ಟ ಮಕ್ಕಳ ಜೊತೆ ನೆಲದ ಮೇಲೆ ಕೂತರು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಮಕ್ಕಳಿಗೆ ಒಳ್ಳೆಯ ಶಾಲೆ ಬೇಕು ಅಂದರೆ ಮೊದಲು ಮಕ್ಕಳನ್ನು ನೋಡಿಕೊಳ್ಳುವವರು ಕಲಿಯಬೇಕು ಎಂದು ಇಬ್ಬರಿಗೂ ಅರ್ಥವಾಯಿತು. 1925ರಲ್ಲಿ ಭಾವನಗರದಲ್ಲಿ ಅಧ್ಯಾಪನ ಮಂದಿರ ಆರಂಭವಾಯಿತು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಕೂಸನ್ನು ನೋಡಿಕೊಳ್ಳೋದರಲ್ಲಿ ಕಲಿಯೋದು ಏನಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಬೀಳದ ಹಾಗೆ ಹಿಡಿದುಕೊಂಡರೆ, ಹಸಿದಾಗ ಉಣ್ಣಿಸಿದರೆ ಆಯಿತಲ್ಲ ಅನ್ನುತ್ತೇವೆ. ಹಾಗಲ್ಲ. ಈ ಪದ್ಧತಿಯಲ್ಲಿ ಶಿಕ್ಷಕಿ ಮೊದಲು ಕಲಿಯಬೇಕಾದದ್ದು ಸುಮ್ಮನೆ ಕೂತು ಮಗುವನ್ನು ಗಮನಿಸುವುದು. ಮಗು ಯಾವುದನ್ನು ಮುಟ್ಟುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವುದನ್ನು ಹತ್ತು ಸಲ ಮಾಡಿದರೂ ಬೇಸರಪಡುವುದಿಲ್ಲ ಅಂತ ನೋಡಬೇಕು. ಮಗು ತಾನೇ ಗುಂಡಿ ಹಾಕಿಕೊಳ್ಳುತ್ತಿದ್ದರೆ ಬೇಗ ಆಗಲಿ ಅಂತ ನಾವು ಹಾಕಿಬಿಡಬಾರದು. ನಮ್ಮ ಕೈಯನ್ನು ನಾವೇ ಹಿಡಿದುಕೊಳ್ಳಬೇಕು. ಹೊಡೆಯಬಾರದು, ಗುಮ್ಮ ಬಂತು ಅಂತ ಹೆದರಿಸಬಾರದು. ಕಥೆ ಹೇಳಬೇಕು, ಹಾಡಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಇದೆಲ್ಲ ಅಭ್ಯಾಸ ಮಾಡದೆ ಬರುವುದಿಲ್ಲ.

ಆದರೆ ಮಾಂಟೆಸ್ಸರಿ ಸಾಮಾನುಗಳಿಗೆ ದುಡ್ಡು ಬಹಳ ಬೇಕಾಗುತ್ತಿತ್ತು. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಅದು ಸಿಗುತ್ತಿತ್ತು. 1936ರಲ್ಲಿ ತಾರಾಬಾಯಿ ಮುಂಬಯಿಯ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು. ಅದು ಚೆನ್ನಾಗಿಯೇ ನಡೆಯಿತು. ಆದರೂ ಹಳ್ಳಿಯ ಮಕ್ಕಳ ಗತಿ ಏನು ಎಂಬ ಚಿಂತೆ ಅವರನ್ನು ಬಿಡಲಿಲ್ಲ. 1945ರಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ, ಮುಂಬಯಿ ಬಿಟ್ಟು ಸಮುದ್ರದ ದಡದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಅನುತಾಯಿ ವಾಘ್ ಎಂಬ ಶಿಕ್ಷಕಿ ಅವರ ಜೊತೆಯಾದರು. ಅನುತಾಯಿ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಬೇಗನೆ ವಿಧವೆಯಾದವರು. ಛಲದಿಂದ ಓದಿ ಶಿಕ್ಷಕಿಯಾಗಿದ್ದರು.

ಬೋರ್ಡಿಯಲ್ಲಿ ಬಾಲವಾಡಿ ತೆರೆದರು. ದಲಿತರ ಕೇರಿಯ ಮಕ್ಕಳು ಮಾತ್ರ ಅಲ್ಲಿಗೆ ಬರಲಿಲ್ಲ. ತಾರಾಬಾಯಿ ಅವರ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಮಕ್ಕಳು ಬರದಿದ್ದರೆ ನಾವೇ ಹೋಗೋಣ ಅಂತ ಸಾಮಾನು ಎತ್ತಿಕೊಂಡು ಕೇರಿಗೇ ಹೋದರು. ಮನೆಗಳ ಮುಂದಿನ ಅಂಗಳದಲ್ಲಿ ಮಕ್ಕಳನ್ನು ಸೇರಿಸಿ, ಕೈಕಾಲು ಮುಖ ತೊಳೆಸಿ, ಆಟ ಹಾಡು ಶುರು ಮಾಡಿದರು. ಮರಾಠಿಯಲ್ಲಿ ಅಂಗಳಕ್ಕೆ ಅಂಗಣ ಅನ್ನುತ್ತಾರೆ. ಅಂಗಣದಲ್ಲಿ ನಡೆದ ಬಾಲವಾಡಿಯೇ ಅಂಗನವಾಡಿ. ದುಬಾರಿ ಸಾಮಾನಿನ ಬದಲು ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ ಇವನ್ನೇ ಬಳಸಿದರು. ಎಣಿಸೋಕೆ ಬೀಜ ಸಾಲದೇ? ಬಣ್ಣ ಗುರುತಿಸೋಕೆ ಎಲೆ ಹೂವು ಸಾಲದೇ? ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಬಾಲಸೇವಿಕೆಯರನ್ನಾಗಿ ಮಾಡಿದರು.

1957ರಲ್ಲಿ ಅವರ ಕೆಲಸ ಕೋಸಬಾಡ ಎಂಬ ಗುಡ್ಡದ ಊರಿಗೆ ಹೋಯಿತು. ಅಲ್ಲಿ ವಾರಲಿ ಎಂಬ ಆದಿವಾಸಿಗಳ ವಾಸ. ದೊಡ್ಡ ಹುಡುಗರು ದನ ಮೇಯಿಸೋಕೆ ಹೋಗುತ್ತಿದ್ದರು. ಹುಡುಗಿಯರು ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡಿರುತ್ತಿದ್ದರು. ಶಾಲೆಗೆ ಬರುವವರು ಯಾರು? ತಾರಾಬಾಯಿ, ಅನುತಾಯಿ ಇಬ್ಬರೂ ಸೇರಿ ದನ ಮೇಯುವ ಹುಲ್ಲುಗಾವಲಿನಲ್ಲೇ ಪಾಠ ನಡೆಸಿದರು. ಅದಕ್ಕೆ ಕುರಣಶಾಲೆ ಅಂತ ಹೆಸರು. ಹುಡುಗಿಯರಿಗಾಗಿ ವಿಕಾಸವಾಡಿ ಎಂಬ ಏರ್ಪಾಡು ಬಂತು. ಅಲ್ಲಿ ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಕಡೆ. ಅಕ್ಕ ಕಂಕುಳ ಕೂಸನ್ನು ಶಿಶುಪಾಲನೆಯಲ್ಲಿ ಇಳಿಸಿ, ಪುಟ್ಟ ತಮ್ಮನನ್ನು ಬಾಲವಾಡಿಗೆ ಬಿಟ್ಟು, ತಾನು ತರಗತಿಗೆ ಹೋಗಬಹುದು. ಇದನ್ನು ಓದಿದಾಗ ನನಗೆ ಅಳು ಬಂತು.

1962ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. 1973ರಲ್ಲಿ ಅವರು ತೀರಿಕೊಂಡರು. ಅನುತಾಯಿ 1992ರಲ್ಲಿ ತಾವು ತೀರಿಕೊಳ್ಳುವವರೆಗೂ ಆ ಕೆಲಸದಲ್ಲೇ ಇದ್ದರು. ತಾರಾಬಾಯಿ ಹೋಗಿ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಅಂಗನವಾಡಿಯ ಪಾಠ ಮೂರು ವರ್ಷ ತುಂಬಿದ ಮಕ್ಕಳಿಗೆ. ಎಂಟು ತಿಂಗಳ ಕೂಸನ್ನು ದಿನವಿಡೀ ಬಿಡುವ ಜಾಗ ನಮ್ಮಕ್ಕನಿಗೆ ಸಿಗಲಿಲ್ಲ. 2023ರಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ಎಂಬ ಯೋಜನೆ ಬಂದಾಗ, ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳಲು ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ತಾರಾಬಾಯಿಯವರ ದಾರಿ ಅದೇ ಅಲ್ಲವೇ?

ಈ ಲೇಖನವನ್ನು ಮೊದಲು ಅಕ್ಕನಿಗೆ ಓದಿ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಶಾಲೆ ಬಿಟ್ಟದ್ದಕ್ಕೆ ನನ್ನ ಮೇಲೆ ಸಿಟ್ಟಿಲ್ಲವಾ ಅಂತ ಕೇಳಿದೆ. ಇಲ್ಲ ಅಂದಳು. ಮೊದಲ ಹೆಜ್ಜೆ ಇಟ್ಟಾಗ ನಾನು ಅವಳ ಕಡೆಗೇ ನಡೆದೆನಂತೆ. ಅದನ್ನು ಹೇಳಿ ಮತ್ತೆ ರೊಟ್ಟಿ ತಟ್ಟಿದಳು.

ಗೆಳತಿಯರೇ, ಗೆಳೆಯರೇ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹೆದರಿಸಬೇಡಿ, ಒಂದು ಕಥೆ ಹೇಳಿ. ಗುರುಗಳೇ, ನಮ್ಮ ಬೀದಿಯಲ್ಲಿ ಮೂರನೇ ತರಗತಿಯ ಒಬ್ಬಳು ಹುಡುಗಿ ಈಗಲೂ ತಂಗಿಯನ್ನು ಎತ್ತಿಕೊಂಡು ಶಾಲೆಯ ಗೇಟಿನ ತನಕ ಬಂದು ವಾಪಸ್ ಹೋಗುತ್ತಾಳೆ. ದಯವಿಟ್ಟು ಅವಳನ್ನು ಸೋಮಾರಿ ಅಂತ ತಿಳಿಯಬೇಡಿ. ಅವಳ ತಾಯಿಯ ಹತ್ತಿರ, ಪಂಚಾಯತಿಯವರ ಹತ್ತಿರ ಒಂದು ಮಾತು ಆಡಿ. ತಾರಾಬಾಯಿಯವರಿಗೆ ನಾವು ಸಲ್ಲಿಸುವ ನಮಸ್ಕಾರ ಅದೇ ಅಂತ ನನ್ನ ಭಾವನೆ.

ಇಂತಿ,
8ನೇ ತರಗತಿಯ ವಿದ್ಯಾರ್ಥಿನಿ